ಜುಲೈನಲ್ಲಿ ಬೀಜಿಂಗಿಗೆ ಹೋಗಿಬಂದುದಕ್ಕೆ ಘಟನೋತ್ತರ ಮಂಜೂರಾತಿ ಕೋರಿಕೆ

ಇಂದ:
ಶ್ರೀಮತಿ ಉಷಾ ಉದಯಶಂಕರ್,
ಮಾಜಿ ದ್ವಿತೀಯ ದರ್ಜೆ ಸಹಾಯಕಿ, ತಾಲೂಕು ಕಚೇರಿ, ಮೈಸೂರು;
ಹಾಲಿ ಮೋರ್ಲಿ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯಲ್ಲಿ ಕೆಲಸ;
ವಾಸ: ವಿಲೆಟನ್, ಪರ್ತ್. ಅಡುಗೆಮನೆಯ ಪಕ್ಕದ ಕೋಣೆ.

ಗೆ:
ಶ್ರೀ ಉದಯಶಂಕರ್, ಬಿ.ಇ. ಮೆಕ್ಯಾನಿಕಲ್,
ಅರ್ಜಿದಾರಳ ಪತಿ, ಹಾಗೂ ಕುಟುಂಬದ ಪ್ರವಾಸ ಋತು ನಿರ್ಧಾರ ಸಮಿತಿಯ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಏಕೈಕ ಸದಸ್ಯರು,
ಅದೇ ಮನೆ, ಮುಂದಿನ ಕೋಣೆ.

ದಿನಾಂಕ: 3 ಆಗಸ್ಟ್ 2017, ಗುರುವಾರ

ವಿಷಯ: ಸಮಿತಿಯು ತಿರಸ್ಕರಿಸಿದ ಋತುವಿನಲ್ಲಿ, ಸಮಿತಿಗೆ ತಿಳಿಸದೆ, ಬೀಜಿಂಗ್ ನಗರಕ್ಕೆ ಹೋಗಿಬಂದುದಕ್ಕೆ ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ.

ಉಲ್ಲೇಖ: 1. ತಮ್ಮ ಮೌಖಿಕ ಆದೇಶ, ದಿನಾಂಕ 20 ಜುಲೈ: "ಏನಿದ್ರೂ ಬರೆದುಕೊಡು, ಓದ್ತೀನಿ."
2. ತಮ್ಮ ಲ್ಯಾಪ್‌ಟಾಪಿನಲ್ಲಿರುವ ‘ಬೀಜಿಂಗ್ ಫೈನಲ್ 9’ ಎಂಬ ಎಕ್ಸೆಲ್ ಕಡತ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ನಡೆದದ್ದನ್ನು ನಡೆದ ಹಾಗೆಯೇ ಕೆಳಗೆ ನಿವೇದಿಸಿಕೊಂಡಿದ್ದಾಳೆ. ಕಚೇರಿಯ ಪದ್ಧತಿಯಂತೆ ತನ್ನನ್ನು ಎಲ್ಲಿಯೂ ‘ನಾನು’ ಎಂದು ಕರೆದುಕೊಂಡಿಲ್ಲ. ‘ನಾನು’ ಎಂದು ಶುರುಮಾಡಿದರೆ ಒಂದೋ ಅಳು ಬರುತ್ತದೆ, ಇಲ್ಲವೇ ಬೈಗುಳ ಬರುತ್ತದೆ. ಎರಡೂ ಕಡತದಲ್ಲಿರತಕ್ಕದ್ದಲ್ಲ.

1. ಕಳೆದ ವರ್ಷ ಫೆಬ್ರವರಿಯಲ್ಲಿ ಬ್ರಿಸ್ಬೇನ್‌ನಿಂದ ಮಗಳು ಮಾಲವಿಕಾ ಬಂದಳು. ಹಿತ್ತಲಲ್ಲಿ ಬಾರ್ಬಿ ಒಲೆ ಹಚ್ಚಿ ತಾವು ಜೋಳ ಸುಡುತ್ತಿದ್ದಿರಿ. ಆಗ ಆಕೆ, ತನ್ನ ಜೊತೆ ಆಸ್ಪತ್ರೆಯಲ್ಲಿ ಫಿಸಿಯೋ ಆಗಿರುವ ವೇಯ್ ಎಂಬ ಹುಡುಗನನ್ನು ಮದುವೆಯಾಗುವುದಾಗಿ ತಿಳಿಸಿದಳು. ತಾವು ಕೂಗಲಿಲ್ಲ, ಬೇಡವೆನ್ನಲಿಲ್ಲ. ಜೋಳ ಮಾತ್ರ ಒಂದು ಕಡೆ ಕಪ್ಪಾಯಿತು. ವೇಯ್‌ನನ್ನು ಏಳು ವರ್ಷದವರೆಗೆ ಸಾಕಿದವರು ಬೀಜಿಂಗಿನಲ್ಲಿರುವ ಅವನ ಅಜ್ಜಿ. ಅವರಿಗೆ ಎಂಬತ್ತಾರು ವರ್ಷ, ಮಂಡಿ ನೋವು, ವಿಮಾನ ಹತ್ತಲಾರರು. ಹೆಣ್ಣಿನ ತಂದೆ ತಾಯಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಮದುವೆಯ ದಿನ ಗೊತ್ತುಮಾಡಬೇಕೆಂಬುದು ಅವರ ಆಸೆ ಎಂದು ಮಾಲವಿಕಾ ವಿವರಿಸಿದಳು. ಅದಕ್ಕೆ ತಾವು ಕೇಳಿದ್ದು ಒಂದೇ ಪ್ರಶ್ನೆ:

"ಅಲ್ಲಿಗೆ ಹೋಗೋದಕ್ಕೆ ಯಾವ ಸೀಸನ್ ಒಳ್ಳೇದು?"

ಆ ಪ್ರಶ್ನೆಯಿಂದಲೇ ಸಮಿತಿ ಹುಟ್ಟಿತು.

2. ಸಮಿತಿಯು ಹದಿನೇಳು ಕಾಲಂಗಳ ಪಟ್ಟಿ ಮಾಡಿತು. ಚಳಿಗಾಲದಲ್ಲಿ ಮೈನಸ್ ಹತ್ತು, ಜೊತೆಗೆ ಹೊಗೆ, ಆದ್ದರಿಂದ ತಿರಸ್ಕೃತ. ಬೇಸಿಗೆಯಲ್ಲಿ ಸೆಕೆ, ಮಳೆ, ರಜೆಯ ಜನ, ಆದ್ದರಿಂದ ತಿರಸ್ಕೃತ. ವಸಂತದಲ್ಲಿ ಮರಳುಗಾಡಿನ ಧೂಳು, ಸಾಲದ್ದಕ್ಕೆ ಮರಗಳಿಂದ ಹತ್ತಿಯಂಥ ನಾರು ಹಾರಿ ಮೂಗಿಗೆ ಹೋಗುತ್ತದೆ. ತಮಗೆ ಸೀನಿನ ಕಾಟವಿರುವ ಕಾರಣ ತಿರಸ್ಕೃತ. ಉಳಿದದ್ದು ಆಟಮ್, ಅಂದರೆ ಎಲೆ ಉದುರುವ ಕಾಲ. ಆಕಾಶ ನೀಲಿ, ಎಲೆ ಹಳದಿ, ಹವೆ ಹದ. ಅಂಗೀಕೃತ.

ಸಮಿತಿಯು ಅದರಂತೆ ಏಪ್ರಿಲ್‌ನಲ್ಲಿ ಎರಡು ವಾರ ರಜೆ ಹಾಕಿತು.

ಮಾನ್ಯರೇ, ಏಪ್ರಿಲ್‌ನಲ್ಲಿ ಆಟಮ್ ಬರುವುದು ವಿಲೆಟನ್‌ಗೆ. ಬೀಜಿಂಗಿಗೆ ಆಗ ವಸಂತ. ಹೊರಡಲು ಒಂಬತ್ತು ದಿನವಿದ್ದಾಗ ವೇಯ್ ಫೋನಿನಲ್ಲಿ ಬಹಳ ಸಂಕೋಚದಿಂದ, "ಅಂಕಲ್, ಮಾಸ್ಕ್ ತನ್ನಿ, ಧೂಳಿರುತ್ತೆ" ಎಂದಾಗ ತಮ್ಮ ಮುಖ ಹೇಗಾಯಿತೆಂಬುದನ್ನು ಅರ್ಜಿದಾರಳು ಇಲ್ಲಿ ಬರೆಯುವುದಿಲ್ಲ. ಪ್ರವಾಸ ರದ್ದಾಯಿತು. ಅಕ್ಟೋಬರ್ ಬಂತು. ಮೊದಲ ವಾರ ಅಲ್ಲಿ ರಾಷ್ಟ್ರೀಯ ರಜೆ, ಇಡೀ ದೇಶ ರಸ್ತೆಯ ಮೇಲಿರುತ್ತದೆ ಎಂಬ ಕಾರಣ ಒಂದು. ಎರಡನೇ ವಾರ ತಮ್ಮ ಪ್ಲಾಂಟಿನಲ್ಲಿ ಶಟ್‌ಡೌನ್ ಎಂಬ ಕಾರಣ ಇನ್ನೊಂದು. ಮೂರನೇ ವಾರಕ್ಕೆ ಕಾರಣ ಸಿಗದೆ ತಾವು ಮೂರು ದಿನ ಹುಡುಕಿದಿರಿ. ಕೊನೆಗೆ ಬೆನ್ನು ಹಿಡಿಯಿತು. ಬೆನ್ನು ನಿಜವಾಗಿಯೂ ಹಿಡಿದಿತ್ತೆಂದು ಅರ್ಜಿದಾರಳು ದೃಢೀಕರಿಸುತ್ತಾಳೆ. ಎಣ್ಣೆ ಹಚ್ಚಿದವಳು ಅವಳೇ.

3. ಈ ಅಂಶವನ್ನು ಕಡತದಲ್ಲಿ ಸೇರಿಸಬೇಕೇ ಬೇಡವೇ ಎಂದು ಅರ್ಜಿದಾರಳು ಎರಡು ದಿನ ಯೋಚಿಸಿ ಸೇರಿಸಿದ್ದಾಳೆ. ಈ ವರ್ಷ ಈಸ್ಟರ್‌ಗೆ ಬಂದಿದ್ದ ಮಾಲವಿಕಾಳನ್ನು ಏರ್‌ಪೋರ್ಟಿಗೆ ಬಿಟ್ಟು ಬರುವಾಗ ಸರ್ವೋದಲ್ಲಿ ಪೆಟ್ರೋಲ್ ಹಾಕಿಸಲು ನಿಂತೆವು. ಪೆಟ್ರೋಲ್ ತುಂಬಿಯಾಯಿತು. ತಾವು ಒಳಗೆ ಬಂದು ಕೂತವರು ಕಾರು ಶುರು ಮಾಡಲಿಲ್ಲ. ಸ್ಟೀರಿಂಗ್ ನೋಡುತ್ತಾ ಹೇಳಿದಿರಿ:

"ಅಲ್ಲಿ ಹೋಗಿ ನಾನೇನು ಮಾತಾಡ್ಲಿ ಉಷಾ? ಇಲ್ಲೇ, ಇಷ್ಟು ವರ್ಷ ಆದ್ಮೇಲೂ, ಟೀ ರೂಮಲ್ಲಿ ಇವರ ಫುಟಿ ಮ್ಯಾಚಿನ ಮಾತು ಬಂದ್ರೆ ನಾನು ಕಪ್ ತೊಳೆಯೋಕೆ ಎದ್ದು ಹೋಗ್ತೀನಿ. ಆ ಮುದುಕಿ ಮುಂದೆ ಏನಂತ ಕೂತ್ಕೊಳ್ಳಲಿ? ಅವರು ಬಡಿಸಿದ್ದನ್ನ ಬೇಡ ಅನ್ನಬೇಕು, ಹೇಳಿದ್ದು ತಿಳಿಯಲ್ಲ. ನಮ್ಮ ಹುಡುಗಿ ಮಾನ ಹೋಗುತ್ತೆ."

ಅರ್ಜಿದಾರಳು ಅದುವರೆಗೆ, ಇವರಿಗೆ ಆ ಹುಡುಗ ಇಷ್ಟವಿಲ್ಲ, ಋತು ಬರೀ ನೆಪ ಎಂದುಕೊಂಡಿದ್ದಳು. ನೆಪ ಹೌದು, ಆದರೆ ಹುಡುಗನ ವಿರುದ್ಧದ್ದಲ್ಲ ಎಂದು ಆವತ್ತು ತಿಳಿಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಹೊರಟೆವು. ಮಾರನೆಯ ದಿನ ‘ಫೈನಲ್ 8’ ಹೋಗಿ ‘ಫೈನಲ್ 9’ ಬಂತು.

(ಮೇಲೆ ಎರಡು ಕಡೆ ‘ನಾವು’ ಬಂದಿದೆ. ಅರ್ಜಿದಾರಳು ಹೊಡೆದುಹಾಕಲು ಹೋಗಿ ಹಾಗೆಯೇ ಬಿಟ್ಟಿದ್ದಾಳೆ.)

4. ಜೂನ್‌ನಲ್ಲಿ ಒಂದು ಆರ್ವೋ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಅರ್ಜಿದಾರಳು ಅಂಗಡಿಯ ಟ್ರಯಲ್ ರೂಮಿನ ಮುಂದೆ ಜಾಕೆಟ್‌ಗಳನ್ನು ಮಡಚುತ್ತಿದ್ದಾಗ ಮಗಳ ಫೋನ್ ಬಂತು. ಮಗಳು ಕನ್ನಡ ಕೇಳುತ್ತಾಳೆ, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

"ಅಮ್ಮಾ, ನೈನೈ ಥಿಂಕ್ಸ್ ಡ್ಯಾಡ್ ಹೇಟ್ಸ್ ಹರ್."

ನೈನೈ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಒಂದೂವರೆ ವರ್ಷದಿಂದ ಆ ಅಜ್ಜಿ ಪ್ರತಿ ವಾರ ವೇಯ್‌ನನ್ನು, ಹುಡುಗಿಯ ತಂದೆಗೆ ನಮ್ಮಲ್ಲಿ ಏನು ದೋಷ ಕಂಡಿತು ಎಂದು ಕೇಳುತ್ತಿದ್ದಾರಂತೆ. ವೇಯ್ ಪ್ರತಿ ವಾರ, ದೋಷವಿಲ್ಲ, ಹವಾಮಾನ ಎನ್ನುತ್ತಾನಂತೆ. ಅಜ್ಜಿ ನಂಬುತ್ತಿಲ್ಲವಂತೆ. ಅರ್ಜಿದಾರಳ ಕೈಯಲ್ಲಿದ್ದ ಜಾಕೆಟ್ ಮಡಚಿದ್ದು ಮತ್ತೆ ಬಿಚ್ಚಿಹೋಯಿತು.

"ಯಾವಾಗ ಟಿಕೆಟ್ ಸಿಗುತ್ತೋ ಆವಾಗ ಹಾಕೇ," ಎಂದಳು. "ಸೀಸನ್ ನೋಡ್ಬೇಡ."

5. ಸಿಕ್ಕಿದ್ದು ಜುಲೈ. ಸಮಿತಿಯ ಪಟ್ಟಿಯಲ್ಲಿ ಜುಲೈ ಕೆಂಪು ಬಣ್ಣದಲ್ಲಿತ್ತು, ಮೇಲಾಗಿ ಆಷಾಢ. ಅರ್ಜಿದಾರಳು ತಮಗೆ, "ಅಡಿಲೇಡ್‌ಗೆ ತಂಗಿ ಮನೆಗೆ ಹೋಗ್ತೀನಿ, ಹತ್ತು ಹನ್ನೆರಡು ದಿನ" ಎಂದು ಹೇಳಿ ಹೊರಟಳು. ಇದು ಪೂರ್ತಿ ಸುಳ್ಳಲ್ಲ. ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ತಂಗಿ ಬನಶಂಕರಿಯ ಮನೆಯಲ್ಲಿ ಎರಡು ರಾತ್ರಿ ಉಳಿದು, ಆಮೇಲೆ ಬ್ರಿಸ್ಬೇನ್‌ಗೆ ಹೋಗಿ, ಮಗಳು ಮತ್ತು ವೇಯ್ ಜೊತೆ ಬೀಜಿಂಗಿನ ವಿಮಾನ ಹತ್ತಿದಳು. ಚೀನಾದ ವೀಸಾ ಮಗಳೇ ಮಾಡಿಸಿದ್ದಳು.

ಆಮೇಲೆ ಅರ್ಜಿದಾರಳ ಮೊಬೈಲ್ ಸಿಗದೆ ತಾವು ದಿನಾ ಸ್ಯಾಲಿಸ್‌ಬರಿಗೆ ಫೋನ್ ಮಾಡಿದಿರಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬನಶಂಕರಿಗೆ ಬಾಯಿಗೆ ಬಂದದ್ದು ಒಂದೇ ಉತ್ತರ: "ಅಕ್ಕ ಸ್ನಾನಕ್ಕೆ ಹೋಗಿದಾಳೆ ಭಾವ." ಬೆಳಿಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ಮೂರನೇ ದಿನ ತಾವು, "ಅಲ್ಲಿ ಏನಾದ್ರೂ ಚರ್ಮದ ಕಾಯಿಲೆ ಬಂದಿದೆಯಾ ಅವಳಿಗೆ?" ಎಂದು ಕೇಳಿದ್ದೀರಿ. ಆಕೆ ಹೆದರಿ ಅರ್ಜಿದಾರಳಿಗೆ ಸುದ್ದಿ ಮುಟ್ಟಿಸಿದಳು. ಆದ್ದರಿಂದ ಅರ್ಜಿದಾರಳು ಬೀಜಿಂಗಿನಿಂದಲೇ ತಮಗೆ ಕರೆ ಮಾಡಿದಳು. ಸಂಭಾಷಣೆ ಯಥಾವತ್ತಾಗಿ ಹೀಗಿದೆ:

"ಆರಾಮಾಗಿದೀನಿ ರೀ. ಇಲ್ಲಿ ಚಳಿ."

"ಅಲ್ಲೀಗ ಗಂಟೆ ಎಷ್ಟು?"

"ಐದೂವರೆ."

"ಇಲ್ಲೂ ಐದೂವರೆ."

"ಹೌದಾ."

"ಅಡಿಲೇಡ್ ನಮಗಿಂತ ಒಂದೂವರೆ ಗಂಟೆ ಮುಂದೆ, ಉಷಾ."

ಪರ್ತ್‌ಗೂ ಬೀಜಿಂಗ್‌ಗೂ ಗಡಿಯಾರ ಒಂದೇ ಎಂಬುದು ತಮ್ಮ ಪಟ್ಟಿಯ ಹನ್ನೊಂದನೇ ಕಾಲಂನಲ್ಲಿತ್ತೆಂದು ಅವಳಿಗೆ ಆಮೇಲೆ ತಿಳಿಯಿತು.

"ಬೀಜಿಂಗ್‌ನಲ್ಲಿದೀಯಾ?"

"ಹೂಂ."

ಅದಕ್ಕೆ ತಾವು ಹೇಳಿದ್ದು: "ಜುಲೈನಲ್ಲಿ ಯಾರಾದ್ರೂ ಬೀಜಿಂಗಿಗೆ ಹೋಗ್ತಾರೇನೇ?" ಆಮೇಲೆ ಫೋನ್ ಇಟ್ಟಿರಿ.

6. ಸಮಿತಿಯು ಜುಲೈ ಬಗ್ಗೆ ಬರೆದದ್ದೆಲ್ಲ ಅಕ್ಷರಶಃ ನಿಜವೆಂದು ಅರ್ಜಿದಾರಳು ಪ್ರಮಾಣ ಮಾಡುತ್ತಾಳೆ. ಮೂವತ್ತೆಂಟು ಡಿಗ್ರಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವಂಥ ಹಬೆ. ಮಹಾಗೋಡೆಯ ಮೇಲೆ ಗೋಡೆ ಕಾಣಲಿಲ್ಲ, ಜನ ಕಂಡರು. ಅರಮನೆಯ ಅಂಗಳದಲ್ಲಿ ಮಳೆ ಹಿಡಿದು, ಕೊಂಡ ಕೊಡೆ ಉಲ್ಟಾ ಆಯಿತು. ಅಜ್ಜಿಯ ಮನೆ ಲಿಫ್ಟಿಲ್ಲದ ನಾಲ್ಕನೇ ಮಹಡಿಯಲ್ಲಿ. ಅರ್ಜಿದಾರಳು ಮೇಲೆ ಹತ್ತಿ ಬಾಗಿಲಲ್ಲಿ ನಿಂತಾಗ ಕೈಮುಗಿಯಲೂ ಉಸಿರಿರಲಿಲ್ಲ.

ಅಜ್ಜಿ ಕುಳ್ಳಗೆ, ಬಿಳಿ ಕ್ರಾಪಿನವರು. ಅವರು ನಮಸ್ಕಾರ ಗಿಮಸ್ಕಾರ ನೋಡಲಿಲ್ಲ. ಅರ್ಜಿದಾರಳನ್ನು ರಟ್ಟೆ ಹಿಡಿದು ಫ್ಯಾನಿನ ಕೆಳಗೆ ಕೂರಿಸಿ, ಒದ್ದೆ ಟವೆಲಿನಿಂದ ಕತ್ತು ಒರೆಸಿದರು. ಅರ್ಜಿದಾರಳ ಕತ್ತನ್ನು ಹಾಗೆ ಒರೆಸಿದವರು ಅವಳ ಅಮ್ಮ ಹೋದಮೇಲೆ ಯಾರೂ ಇರಲಿಲ್ಲ. ಬದನೆಕಾಯಿ ಪಲ್ಯ, ನೂಡಲ್ಸ್, ಸೌತೆಕಾಯಿ ಮಾಡಿಟ್ಟಿದ್ದರು. ಮಾಂಸ, ಮೊಟ್ಟೆ ಏನೂ ಇರಲಿಲ್ಲ. ಮೂರು ದಿನ ಮುಂಚೆಯೇ ಬಾಣಲೆ ಹೊಸದು ತರಿಸಿದ್ದರಂತೆ. ತಮಗೆ ಆ ಕುರಿತು ಇದ್ದ ಆತಂಕಕ್ಕೆ ಕಾರಣವಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ.

ಊಟದ ಮೇಲೆ ಅಜ್ಜಿ ಕೇಳಿಯೇಬಿಟ್ಟರು. ವೇಯ್ ತಲೆ ತಗ್ಗಿಸಿಕೊಂಡು ಇಂಗ್ಲಿಷಿನಲ್ಲಿ ಅನುವಾದಿಸಿದ: "ನಿಮ್ಮ ಯಜಮಾನರು ಯಾಕೆ ಬರಲಿಲ್ಲ?"

ಅರ್ಜಿದಾರಳು ಸರ್ವೋದ ಮಾತು ಹೇಳಲಿಲ್ಲ. ಅದು ತಮ್ಮದು. ತಾವೇ ಹಿಂದೆ ಕಳಿಸಿ ಫೋನಿನಲ್ಲಿ ಉಳಿದಿದ್ದ ಎಕ್ಸೆಲ್ ಪಟ್ಟಿಯನ್ನು ತೆಗೆದು ತೋರಿಸಿದಳು. ಅಜ್ಜಿ ಕನ್ನಡಕ ಹಾಕಿಕೊಂಡರು. ಅವರು ಮೂವತ್ತೊಂದು ವರ್ಷ ಬೀಜಿಂಗಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ವೇಯ್ ಒಂದೊಂದೇ ಸಾಲು ಓದಿ ಹೇಳಿದ. ಜನವರಿಗೆ ಅಜ್ಜಿ ತಲೆಯಾಡಿಸಿದರು. ಏಪ್ರಿಲ್‌ನ ಹತ್ತಿಗೆ ಮೂಗು ಉಜ್ಜಿಕೊಂಡರು. ಅಕ್ಟೋಬರ್ ಮೊದಲ ವಾರಕ್ಕೆ ‘ಅಯ್ಯಯ್ಯೋ’ ಎಂಬರ್ಥದ ಏನನ್ನೋ ಅಂದರು. ಜುಲೈ ಬಂದಾಗ ಕೆಂಪು ಬಣ್ಣದ ಮೇಲೆ ಬೆರಳಿಟ್ಟು, ಅರ್ಜಿದಾರಳ ಕಡೆ ತಿರುಗಿ ಗದರಿದರು. ವೇಯ್ ಅನುವಾದಿಸಲು ಹಿಂಜರಿದ.

"ಹೇಳಪ್ಪ, ಪರವಾಗಿಲ್ಲ."

"ಆಂಟಿ, ಶೀ ಸೇಯ್ಸ್... ಇಷ್ಟು ತಿಳಿದ ಗಂಡ ಮನೇಲಿರುವಾಗ ಅವರ ಮಾತು ಕೇಳದೆ ಜುಲೈನಲ್ಲಿ ಯಾಕೆ ಬಂದ್ರಿ ಅಂತ."

ಮಾಲವಿಕಾ ನಕ್ಕು ನಕ್ಕು ನೆಲದ ಮೇಲೆ ಕೂತಳು. ಅಜ್ಜಿ ಮಾತ್ರ ನಗಲಿಲ್ಲ. ಕಾಗದ ಪೆನ್ನು ತರಿಸಿ ತಮಗೊಂದು ಚೀಟಿ ಬರೆದರು. ಅದನ್ನು ಲಗತ್ತಿಸಿದೆ.

7. 19ರಂದು ಅರ್ಜಿದಾರಳು ಪರ್ತ್‌ಗೆ ಮರಳಿದಳು. ತಾವು ಏರ್‌ಪೋರ್ಟಿಗೆ ಬಂದಿರಿ, ಸೂಟ್‌ಕೇಸ್ ಎತ್ತಿಟ್ಟಿರಿ, ಮನೆಯವರೆಗೂ ರೇಡಿಯೋ ಕೇಳಿದಿರಿ. ಮಾರನೆಯ ದಿನ ಉಲ್ಲೇಖ 1ರ ಆದೇಶ ಹೊರಬಿತ್ತು. ಸುಳ್ಳು ಹೇಳಿ ಹೋದದ್ದು ತಪ್ಪು. ತಮಗೆ ಆ ಐದೂವರೆ ಗಂಟೆಯ ಕರೆಯಲ್ಲಿ ಹೇಗಾಗಿರಬಹುದೆಂದು ಅರ್ಜಿದಾರಳಿಗೆ ಗೊತ್ತಿದೆ. ಇದಕ್ಕೆ ‘ಆದ್ದರಿಂದ’ವೂ ಇಲ್ಲ, ಕಾರಣವೂ ಇಲ್ಲ. ಕ್ಷಮೆ ಕೋರಿದ್ದಾಳೆ.

8. ಈಗ ಕಳೆದ ಭಾನುವಾರದ ವಿಚಾರ. ಅರ್ಜಿದಾರಳು ಮೋರ್ಲಿಯಿಂದ ಬೇಗ ಬಂದಳು. ಮನೆಯಲ್ಲಿ ಯಾರೂ ಕಾಣಲಿಲ್ಲ, ಹಿತ್ತಲಲ್ಲಿ ತಮ್ಮ ದನಿ ಕೇಳಿಸಿತು. ಇಣುಕಿದರೆ, ಅರ್ಜಿದಾರಳು ಬಿಟ್ಟುಹೋಗಿದ್ದ ಟ್ಯಾಬ್ಲೆಟ್ ತಮ್ಮ ಕೈಯಲ್ಲಿತ್ತು. ಅದರಲ್ಲಿ ಬೀಜಿಂಗಿನ ಅಜ್ಜಿ; ಅದರ ನಂಬರನ್ನು ಅವರ ಫೋನಿಗೆ ಹಾಕಿಕೊಟ್ಟವನು ವೇಯ್. ಅವರು ಅಲ್ಲಿನ ಬಾಲ್ಕನಿಯ ಬಳ್ಳಿಯನ್ನು ಕ್ಯಾಮೆರಾಗೆ ಹಿಡಿದು ಚೀನೀ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ತಾವು ಅಪ್ಪಟ ಮೈಸೂರು ಕನ್ನಡದಲ್ಲಿ,

"ಹಾಗಲಕಾಯಿ! ಹೌದಮ್ಮ, ಹಾಗಲಕಾಯೇ ಅದು. ಎಲೆ ಹಳದಿ ಆಗಿದೆಯಲ್ಲ, ನೀರು ಜಾಸ್ತಿ ಆಗಿದೆ ನಿಮ್ದು. ಸ್ವಲ್ಪ ಕಮ್ಮಿ ಹಾಕಿ"

ಎಂದಿರಿ. ಕೈಯಲ್ಲಿ ‘ಕಮ್ಮಿ’ ಎಂದು ತೋರಿಸಿದಿರಿ. ಅಜ್ಜಿ ಕುಂಡದ ಕಡೆ ನೋಡಿ, ಮಗ್ ಕೆಳಗಿಟ್ಟರು. ಆಮೇಲೆ ಅವರೇನೋ ಕೇಳಿದರು, ತಾವು ನಿಂಬೆಗಿಡ ತೋರಿಸಿದಿರಿ, ಅವರು ತೋರಿಸಿದ ಕಡೆಯೆಲ್ಲ ಕೊಂಬೆ ಎತ್ತಿ ಹಿಡಿದಿರಿ. ಅರ್ಜಿದಾರಳು ಒಗೆದ ಬಟ್ಟೆಯ ಹಿಂದೆ ನಿಂತು ಇಪ್ಪತ್ತೆರಡು ನಿಮಿಷ ನೋಡಿದ್ದಾಳೆ. ಇಷ್ಟೂ ವರ್ಷದಲ್ಲಿ ತಾವು ಹೊರಗಿನವರ ಜೊತೆ ಇಷ್ಟು ಹೊತ್ತು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ನಂತರ ಒಳಗೆ ಬಂದು ತಾವು, "ಯಾರೋ ರಾಂಗ್ ನಂಬರ್" ಎಂದಿರಿ.

ಕಾರಣ, ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ, ಅರ್ಜಿದಾರಳ ಜುಲೈ ಪ್ರವಾಸಕ್ಕೆ ಘಟನೋತ್ತರ ಮಂಜೂರಾತಿ ನೀಡಬೇಕಾಗಿಯೂ, ಸಮಿತಿಯು ತಾನೇ ಅಂಗೀಕರಿಸಿದ ಋತುವಿನಲ್ಲಿ, ಅಂದರೆ ಬರುವ ಅಕ್ಟೋಬರ್ 14ರಂದು, ಖುದ್ದಾಗಿ ಸ್ಥಳ ಪರಿಶೀಲನೆಗೆ ತೆರಳಬೇಕಾಗಿಯೂ ಕೋರಲಾಗಿದೆ. ಅರ್ಜಿದಾರಳನ್ನು ಜೊತೆಗೆ ಕರೆದೊಯ್ಯುವುದು ಬಿಡುವುದು ತಮ್ಮ ವಿವೇಚನೆಗೆ ಬಿಟ್ಟದ್ದು. ಅವಳಂತೂ ರಜೆ ಹಾಕಿದ್ದಾಳೆ.

ಇಪ್ಪತ್ತೆಂಟು ವರ್ಷಗಳಿಂದ, ನಡುವೆ ಹನ್ನೆರಡು ದಿನ ಹೊರತುಪಡಿಸಿ,
ತಮ್ಮ ವಿಶ್ವಾಸಿ,
(ಸಹಿ) ಉಷಾ

ಲಗತ್ತುಗಳು:
ಅ. ಉಲ್ಟಾ ಆದ ಕೊಡೆ, ಒಂದು (ಬಾಗಿಲ ಹಿಂದೆ ಇಟ್ಟಿದೆ).
ಆ. ಬನಶಂಕರಿಯ ತಪ್ಪೊಪ್ಪಿಗೆ, ವಾಟ್ಸಾಪ್ ಧ್ವನಿಮುದ್ರಿಕೆ, ನಡುವೆ ಅಳು.
ಇ. ಅಜ್ಜಿಯ ಕೈಬರಹದ ಚೀಟಿ, ಹಾಗೂ ವೇಯ್ ಹೇಳಿ ಅರ್ಜಿದಾರಳು ಬರೆದುಕೊಂಡ ಅನುವಾದ: "ಅಕ್ಟೋಬರ್ ಎರಡನೇ ವಾರ ಮುಗಿದ ಮೇಲೆ ಬನ್ನಿ. ನೀವು ಸರಿಯಾಗಿ ಹೇಳಿದ್ದೀರಿ. ಹುಡುಗಿ ಒಳ್ಳೆಯವಳು, ಅವಳ ತಾಯಿ ಆತುರಗಾತಿ. ನಿಮ್ಮನ್ನು ನೋಡಬೇಕು."

ವಿಶೇಷ ಸೂಚನೆ: ಈ ಅರ್ಜಿಗೆ ಉತ್ತರವನ್ನು ಅರ್ಜಿದಾರಳಿಗೆ ಕೊಡುವ ಅಗತ್ಯವಿಲ್ಲ. ಬರುವ ಭಾನುವಾರ ನಾಲ್ಕು ಗಂಟೆಗೆ ‘ರಾಂಗ್ ನಂಬರ್’ ಮತ್ತೆ ಕರೆ ಮಾಡುವವರಿದ್ದಾರೆಂದು ವೇಯ್ ತಿಳಿಸಿದ್ದಾನೆ, ಆ ಹೊತ್ತಿಗೆ ಅರ್ಜಿದಾರಳು ಅಂಗಡಿಯಲ್ಲಿರುತ್ತಾಳೆ. ಆದ್ದರಿಂದ ತಮ್ಮ ಆದೇಶವನ್ನು ನೇರವಾಗಿ ಅವರಿಗೇ ತಿಳಿಸಬೇಕಾಗಿ ವಿನಂತಿ. ಕನ್ನಡದಲ್ಲಿ ಹೇಳಿದರೆ ಸಾಕು.