ಸೆಕೆಯ ಊರಿನಲ್ಲಿ ಜಾಕೆಟ್ ಹೊಲಿಯುವ ಭಾವ

ನಮ್ಮ ಭಾವನಿಗೆ ಮನುಷ್ಯರ ಮುಖ ಕಾಣುವುದಿಲ್ಲ. ಕಣ್ಣಿನ ದೋಷವಲ್ಲ ಮತ್ತೆ! ಸೂಜಿಗೆ ನೂಲು ಪೋಣಿಸುವುದಕ್ಕೆ ಅವರಿಗೆ ಈಗಲೂ ಕನ್ನಡಕ ಬೇಡ. ಆದರೆ ಎದುರಿಗೆ ಯಾರೇ ಬರಲಿ, ಅವರ ದೃಷ್ಟಿ ಓಡಾಡುವುದು ಕುತ್ತಿಗೆಯಿಂದ ಕೆಳಗೆ ಮಾತ್ರ. ಕಾಲರ್ ಹೇಗೆ ಕೂತಿದೆ, ಭುಜದ ಹೊಲಿಗೆ ಎಲ್ಲಿ ಬಿದ್ದಿದೆ, ಕಿಸೆ ನೇರವೋ ಓರೆಯೋ, ಇಷ್ಟೂ ನೋಡಿಯಾದ ಮೇಲೆ ಸಮಯ ಉಳಿದರೆ ಮುಖ. ಮದುವೆ ಮನೆಯಿಂದ ಬಂದು, 'ಆ ಎಡಗಡೆ ಕಿಸೆ ಜೋತುಬಿದ್ದವರು ಸಿಕ್ಕಿದ್ದರು, ನಿನ್ನನ್ನು ಕೇಳಿದರು' ಎನ್ನುತ್ತಾರೆ. ವಿಚಿತ್ರವೆಂದರೆ ಅದು ಯಾರೆಂದು ಈಗೀಗ ನಮಗೂ ಗೊತ್ತಾಗುತ್ತದೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾವೂರಿನಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವರ ಮನೆ. ಅರ್ಧ ಆಯುಷ್ಯವನ್ನು ಗಲ್ಫಿನಲ್ಲಿ ಏಸಿ ರಿಪೇರಿ ಮಾಡುತ್ತ ಕಳೆದು ಈಗ ಊರಿಗೆ ಬಂದು ನೆಲೆಸಿದ್ದಾರೆ. ಹಾಗೆ ಬಂದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದು ಅಂಗಡಿ ಹಾಕುತ್ತಾರೆ, ಇಲ್ಲವೇ ಬಾಡಿಗೆಗೆ ಕಾರು ಬಿಡುತ್ತಾರೆ, ಏನೂ ಇಲ್ಲದಿದ್ದರೆ ಮನೆಯೆದುರಿನ ಸಿಟೌಟಿನಲ್ಲಿ ಕುರ್ಚಿ ಹಾಕಿ ಗಲ್ಫಿನ ಕಥೆ ಹೇಳುತ್ತಾರೆ. ಭಾವ ಒಂದು ಹೊಲಿಗೆ ಮೆಷಿನ್ ಕೊಂಡರು. ಅದರಲ್ಲಿ ಏನು ಹೊಲಿಯುತ್ತಾರೆ, ಹೇಳಿ ನೋಡುವಾ? ಜಾಕೆಟ್! ಅದೂ ಮಂಗಳೂರಿನಲ್ಲಿ! ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೊಮ್ಮೆ ಬೆವರಿನಲ್ಲಿ ಸ್ನಾನವಾಗುವ ಊರಿದು. ಏಪ್ರಿಲ್ ಬಂತೆಂದರೆ ಬನಿಯನ್ನೇ ಭಾರವೆನಿಸುತ್ತದೆ. ಇಲ್ಲಿ ಜಾಕೆಟ್ ಯಾರಿಗೆ ಬೇಕು ಎಂದು ಕೇಳಿದರೆ, ಹೊರಗೆ ಸೆಕೆ ಸರಿ, ಏಸಿ ಒಳಗೆ ಹೋದಾಗ ಚಳಿಯಾಗುವುದಿಲ್ಲವೇ ಎಂದು ಭಾವನ ವಾದ. ಅವರ ಮನೆಯಲ್ಲಿ ಏಸಿ ಇಲ್ಲ. ಜೀವಮಾನವಿಡೀ ಪರರ ಏಸಿ ಸರಿ ಮಾಡಿದವರಿಗೆ ಈಗ ಅದರ ಸದ್ದು ಕೇಳಿದರೇ ಆಗುವುದಿಲ್ಲ.

ಹೊಲಿಗೆ ಕಲಿತದ್ದು ಮೊಬೈಲಿನಲ್ಲಿ. ಜಪಾನಿನವರೋ ಕೊರಿಯಾದವರೋ ಒಬ್ಬರು ಹೆಂಗಸು ಅದರಲ್ಲಿ ಬಟ್ಟೆ ಕತ್ತರಿಸಿ ಹೊಲಿದು ತೋರಿಸುತ್ತಾರೆ. ಅವರು ಆಡುವ ಒಂದು ಶಬ್ದವೂ ಭಾವನಿಗೆ ಅರ್ಥವಾಗುವುದಿಲ್ಲ. ಆದರೂ ಭಕ್ತಿಯಿಂದ ತಲೆಯಾಡಿಸುತ್ತಾರೆ, ಅವರನ್ನು 'ಟೀಚರ್' ಎಂದೇ ಕರೆಯುತ್ತಾರೆ. ನನ್ನ ಅಕ್ಕ ಸರ್ಕಾರಿ ಶಾಲೆಯಲ್ಲಿ ನಿಜವಾದ ಟೀಚರ್ ಆಗಿದ್ದವಳು. ಇಡೀ ಸರ್ವಿಸಿನಲ್ಲಿ ಇಷ್ಟು ಶ್ರದ್ಧೆಯ ಒಬ್ಬ ವಿದ್ಯಾರ್ಥಿ ತನಗೆ ಸಿಗಲಿಲ್ಲ, ಸಿಕ್ಕಿದವನೂ ಬೇರೆಯವರ ಕ್ಲಾಸಿಗೆ ಹೋಗಿ ಕೂತ ಎಂದು ಅವಳ ದೂರು.

ಕಲಿಯುವ ಉತ್ಸಾಹದಲ್ಲಿ ಮೊದಲು ಬಲಿಯಾದದ್ದು ನನ್ನ ಗಂಡನ ರೆಡಿಮೇಡ್ ಜಾಕೆಟ್. ಬೈಕಿನಲ್ಲಿ ಹೋಗುವಾಗ ಹಾಕಲೆಂದು ಅವರು ಆಸೆಪಟ್ಟು ತಂದದ್ದು. 'ಒಳಗೆ ಹೇಗುಂಟು ನೋಡಿ ಕೊಡ್ತೇನೆ' ಎಂದು ಭಾವ ಒಯ್ದರು. ನೋಡುವುದೆಂದರೆ ನಾವು ನೋಡುವ ಹಾಗಲ್ಲ. ಏಸಿ ಮೆಕ್ಯಾನಿಕ್ ನೋಡುವ ಹಾಗೆ! ಮರುದಿನ ಹೋದರೆ ಜಾಕೆಟ್ ಪೂರ್ತಿ ಬಿಚ್ಚಿಕೊಂಡು ನೆಲದ ಮೇಲೆ ಮಲಗಿತ್ತು. ಪ್ರತಿ ತುಂಡಿನ ಮೇಲೂ ಚಾಕ್‌ಪೀಸಿನಲ್ಲಿ ನಂಬರು. ನನ್ನ ಗಂಡ ಬಾಗಿಲಲ್ಲೇ ಕೂತುಬಿಟ್ಟರು. ಪಾಪ, ಭಾವ ಹೇಳಿದ ಮಾತಿಗೆ ತಪ್ಪುವವರಲ್ಲ, ಎಲ್ಲವನ್ನೂ ಮತ್ತೆ ಜೋಡಿಸಿ ಹೊಲಿದೇ ಕೊಟ್ಟರು. ಆದರೆ ಕೊನೆಗೆ ಸಣ್ಣ ಎರಡು ತುಂಡು ಕೈಯಲ್ಲಿ ಉಳಿದವು.

"ಇದು ಎಲ್ಲಿಯದ್ದು ಭಾವ?" ಎಂದು ನಾನು ಕೇಳಿದೆ.

"ಅದು ಎಕ್ಸ್‌ಟ್ರಾ. ಕಂಪನಿಯವರು ಸುಮ್ಮನೆ ಹಾಕಿರ್ತಾರೆ. ಏಸಿಯಲ್ಲಿಯೂ ಹಾಗೆಯೇ," ಎಂದರು ಗಂಭೀರವಾಗಿ. ಅವರ ಕೈಯಿಂದ ರಿಪೇರಿಯಾದ ಗಲ್ಫಿನ ಏಸಿಗಳನ್ನು ನೆನೆದು ನನಗೆ ಒಮ್ಮೆ ಮೈ ಜುಮ್ಮೆಂದಿತು.

ಬಟ್ಟೆ ಎಲ್ಲಿಂದ ಎನ್ನುತ್ತೀರಾ? ನಮ್ಮ ಕಡೆ ಗಲ್ಫಿನವರ ಯಾವ ಮನೆಗಾದರೂ ಹೋಗಿ, ಕಪಾಟಿನ ಮೇಲೆ ಜಿಪ್ಪಿನ ಪ್ಲಾಸ್ಟಿಕ್ ಚೀಲದಲ್ಲಿ ದಪ್ಪ ದಪ್ಪ ಕಂಬಳಿಗಳು ಕೂತಿರುತ್ತವೆ. ಹೊದ್ದುಕೊಂಡರೆ ಬೆಂದುಹೋಗುತ್ತೇವೆ, ಬಿಸಾಡಲು ಮನಸ್ಸು ಬರುವುದಿಲ್ಲ. ಅಕ್ಕನ ಮನೆಗೆ ಪ್ರತಿ ರಜೆಗೂ ಒಂದೊಂದು ಹೊತ್ತು ತಂದವರು ಭಾವನೇ. ಈಗ ಒಂದೊಂದನ್ನೇ ಇಳಿಸಿ ಕತ್ತರಿ ಹಾಕತೊಡಗಿದರು. ಚೀಲದ ಜಿಪ್ಪನ್ನೂ ಬಿಡಲಿಲ್ಲ! ಹೀಗೆ ತಯಾರಾದದ್ದು ನನ್ನ ಗಂಡನ ಎರಡನೆಯ ಜಾಕೆಟ್. ಕಂಬಳಿಯ ಮೇಲೆ ದೊಡ್ಡ ಹುಲಿಯಿತ್ತು. ಆ ಹುಲಿಮುಖ ಸರಿಯಾಗಿ ಬೆನ್ನಿನ ಮಧ್ಯಕ್ಕೆ ಬರುವ ಹಾಗೆ ಭಾವ ಬಹಳ ಹೊತ್ತು ಲೆಕ್ಕ ಹಾಕಿ ಕತ್ತರಿಸಿದ್ದರು. ಬಂದದ್ದೂ ಮಧ್ಯಕ್ಕೇ. ಆದರೆ ತಲೆಕೆಳಗಾಗಿ! ಬೇಡವೆಂದರೆ ಬೇಸರವಾದೀತೆಂದು ನನ್ನ ಗಂಡ ಅದನ್ನೇ ಹಾಕಿಕೊಂಡು, ತಮ್ಮನನ್ನು ಕರೆತರಲು ಬಜಪೆಗೆ ಹೋದರು. ವಿಮಾನ ನಿಲ್ದಾಣದಲ್ಲಿ ಹಿಂದೆ ನಿಂತಿದ್ದ ಒಂದು ಮಗು ಹುಲಿಯ ಮುಖ ನೋಡಲು ತಾಯಿಯ ಕಂಕುಳಿಂದ ತಲೆಕೆಳಗಾಗಿ ಜೋತಾಡಿತಂತೆ. ಮನೆಗೆ ಬಂದವರೇ ಭಾವನಲ್ಲಿ ದೂರಿಕೊಂಡರು. ಭಾವ ಸ್ವಲ್ಪವೂ ವಿಚಲಿತರಾಗಲಿಲ್ಲ.

"ನೀವು ಬಗ್ಗಿ ಲಗೇಜ್ ಎತ್ತುವಾಗ ಸರಿ ಕಾಣ್ತದೆ. ಏರ್‌ಪೋರ್ಟಿಗೆ ಅಂತಲೇ ಹಾಗೆ ಇಟ್ಟದ್ದು," ಎಂದರು.

ಇಂಥವರೊಡನೆ ಜಗಳವಾಡುವುದು ಹೇಗೆ? ಅವರಿಗೆ ಬೇರೆ ಚಟವಿಲ್ಲ, ಯಾರ ಗೊಡವೆಯೂ ಇಲ್ಲ. ತೊಕ್ಕೊಟ್ಟಿಗೆ ಹೋಗುವ ಬಸ್ಸಿನಲ್ಲಿ ಎದುರು ಸೀಟಿನವರ ಅಂಗಿಯ ಅಂಚನ್ನು ಮೆಲ್ಲನೆ ಮಗುಚಿ ಒಳಗಿನ ಹೊಲಿಗೆ ನೋಡುತ್ತಾರೆ, ಅಷ್ಟೇ. ಒಮ್ಮೆ ಹಾಗೆ ಎದುರು ಕೂತವನೊಬ್ಬ ಭಾವನನ್ನು ಕಿಸೆಕಳ್ಳನೆಂದು ಕೈ ಹಿಡಿದಿದ್ದ. ಸ್ಟಾಪು ಬರುವಷ್ಟರಲ್ಲಿ ಅವನಿಗೆ ತನ್ನ ಅಂಗಿಯ ತೋಳು ಯಾಕೆ ಬಿಗಿಯುತ್ತದೆ ಎಂದು ಗೊತ್ತಾಗಿತ್ತು, ಅಳತೆ ಕೊಡಲು ಮನೆಗೂ ಬಂದಿದ್ದ!

ಊರವರೆಲ್ಲ ಹಾಕಿಕೊಂಡರೂ ಭಾವನ ಆಸೆ ಮಾತ್ರ ಬೇರೆಯೇ ಇತ್ತು. ತಾನು ಹೊಲಿದದ್ದನ್ನು ಅಕ್ಕ ಒಮ್ಮೆ ಹಾಕಿಕೊಂಡು ಗೇಟು ದಾಟಬೇಕು. ಅಷ್ಟೇ. ಆದರೆ ಅಕ್ಕ ದಾಟಬೇಕಲ್ಲ! ಗಂಜಿ ಹಾಕಿ, ಇಸ್ತ್ರಿ ಮಾಡಿದ ಹತ್ತಿ ಸೀರೆಯಿಲ್ಲದೆ ಶಾಲೆಗೆ ಕಾಲಿಟ್ಟವಳಲ್ಲ ಅವಳು. ಗಂಡ ಹೊಲಿದ ಟಾಪು, ಗೌನುಗಳನ್ನೆಲ್ಲ ಮನೆಯೊಳಗೆ ಹಾಕಿಕೊಳ್ಳುತ್ತಿದ್ದಳು. ಕಾಲಿಂಗ್ ಬೆಲ್ ಆಯಿತೆಂದರೆ ಒಳಕ್ಕೆ ಓಟ. ಶಾಲೆಗೆ ಸೀರೆಯ ಮೇಲೆ ಹಾಕಿಕೊಳ್ಳಲೆಂದು ಭಾವ ಒಮ್ಮೆ ತೆಳುವಾದ ಒಂದು ಜಾಕೆಟ್ ಹೊಲಿದರು. ನೋಡಲು ಚಂದವಿತ್ತು, ನಾನೇ ಆಸೆಪಟ್ಟೆ. ಬೋರ್ಡಿನ ಮೇಲೆ ಬರೆಯುವ ಹಾಗೆ ಕೈ ಎತ್ತಿ ನೋಡು ಎಂದರು ಭಾವ. ಅಕ್ಕ ಬಲಗೈ ಎತ್ತಿದಳು. ಕೈಯೊಟ್ಟಿಗೆ ಇಡೀ ಜಾಕೆಟ್ಟೇ ಮೇಲೆ ಹೋಗಿ ಕಾಲರ್ ಅವಳ ಕಿವಿಗೆ ತಾಗಿತು! ಎಡ ಬಲ ಜೊತೆಯಾಗಿ ಬರಲು ಬಟ್ಟೆಯನ್ನು ಮಡಚಿಟ್ಟು ಕತ್ತರಿಸಬೇಕು, ಅದನ್ನು ಮರೆತು ಭಾವ ಎಡಗೈಯ ತೋಳನ್ನೇ ಎರಡು ಸಲ ಕತ್ತರಿಸಿದ್ದರು. ಎರಡೂ ಎಡಗೈಯದ್ದೇ!

"ಇದನ್ನು ಹಾಕಿಕೊಂಡ್ರೆ ಡಿಕ್ಟೇಶನ್ ಕೊಡ್ಲಿಕ್ಕೆ ಮಾತ್ರ ಆಗುದು," ಎಂದು ಅಕ್ಕ ಅದನ್ನು ಕಳಚಿ ಮಡಚಿಟ್ಟಳು. ಭಾವನೂ ನಕ್ಕರು. ಆದರೆ ಆ ದಿನ ಅವರು ಮತ್ತೆ ಮೆಷಿನಿನ ಬಳಿ ಕೂರಲಿಲ್ಲ ಎನ್ನುವುದನ್ನು ನಾನು ಗಮನಿಸಿದ್ದೆ.

ಕಳೆದ ವರ್ಷ, ಅಕ್ಕನ ನಿವೃತ್ತಿಗೆ ಒಂದು ತಿಂಗಳೂ ಇರಲಿಲ್ಲ, ಒಂದು ಅನಾಹುತವಾಯಿತು. ಭಾವ ಅಳತೆಯ ನಮೂನೆಗಳನ್ನು ಪೇಪರಿನಲ್ಲೇ ಕತ್ತರಿಸುವುದು. ಅದೂ ಅಂದಂದಿನ ಪೇಪರು, ಯಾರೂ ಓದುವ ಮೊದಲು! ಕತ್ತರಿಸಿದ್ದನ್ನು ನಡುಮನೆಯ ನೆಲದ ತುಂಬ ಹರಡಿಡುತ್ತಿದ್ದರು. ನಾವೆಲ್ಲ ಅದನ್ನು ದಾಟಿ, ಹಾರಿ, ಕುಂಟಾಬಿಲ್ಲೆ ಆಡಿದ ಹಾಗೆ ಓಡಾಡುತ್ತಿದ್ದೆವು. ಅವತ್ತು ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಅಕ್ಕನ ಕಾಲು ಒಂದು ಪೇಪರಿನ ಮೇಲೆ ಬಿತ್ತು. ನುಣುಪಾದ ನೆಲ. ಜಾರಿ ಬಿದ್ದು ಬಲಭುಜದ ಹತ್ತಿರ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಭಾವ ಯಾರ ಅಂಗಿಯನ್ನೂ ನೋಡಲಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತ ನಿಂತಿದ್ದರು. ಡಾಕ್ಟರು ಅಕ್ಕನ ಕೈಯನ್ನು ಎದೆಗೆ ಒತ್ತಿ ಕಟ್ಟಿ ಮನೆಗೆ ಕಳಿಸಿದರು. ಮನೆಗೆ ಬಂದದ್ದೇ ಭಾವ ಪೇಪರುಗಳನ್ನೆಲ್ಲ ಬಾಚಿ ಗುಜರಿಯವನಿಗೆ ಕೊಟ್ಟರು. ಮೆಷಿನನ್ನು ಮೂಲೆಗೆ ತಳ್ಳಿ ಮೇಲೊಂದು ಬೆಡ್‌ಶೀಟು ಹೊದಿಸಿದರು. ಅಡುಗೆ ಮಾಡಿದರು, ಅಕ್ಕನಿಗೆ ಉಣಿಸಿದರು, ನನ್ನಿಂದ ಕಲಿತು ಅವಳಿಗೆ ಜಡೆ ಹೆಣೆದರು. ಮಾತಿಲ್ಲ, ತಮಾಷೆಯಿಲ್ಲ. ಆ ಮೆಷಿನಿನ ಕಟಕಟ ಇಲ್ಲದ ಮನೆಗೆ ಹೋಗಲು ನನಗೇ ಬೇಜಾರಾಗುತ್ತಿತ್ತು.

ಅಕ್ಕನದು ಇನ್ನೊಂದು ಸಂಕಟ. ಕಟ್ಟಿದ ಕೈಯ ಮೇಲೆ ಯಾವ ರವಿಕೆಯೂ ಹಾಕಲಾಗದೆ ಹಗಲಿಡೀ ನೈಟಿಯೇ ಗತಿ. ಬೀಳ್ಕೊಡುಗೆಯ ಸಮಾರಂಭಕ್ಕೆ ಕರೆಯಲು ಶಾಲೆಯವರು ಬಂದಾಗ ಭುಜದ ಮೇಲೆ ಶಾಲು ಎಳೆದುಕೊಂಡು ಕೂತು, ತಾನು ಬರುವುದಿಲ್ಲ, ಫೋಟೋ ಕಳಿಸಿದರೆ ಸಾಕು ಎಂದಳು. ಅವರು ಆಚೆ ಹೋದ ಮೇಲೆ ಅತ್ತುಬಿಟ್ಟಳು. "ಇಷ್ಟು ವರ್ಷ ಮಕ್ಕಳೆದುರು ಹೇಗೆ ಹೋದವಳು ನಾನು. ಕೊನೆಯ ದಿನ ನೈಟಿಯಲ್ಲಿ ಹೋಗ್ಲಾ?" ಎಂದಳು. ನನಗೂ ಅಳು ಬಂತು. ಅಡುಗೆಮನೆಯಲ್ಲಿ ಭಾವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಮರುದಿನ ನಾನು ಹೋದಾಗ ಭಾವ ಕೋಣೆಯ ಬಾಗಿಲಲ್ಲಿ ಟೇಪು ಹಿಡಿದು ನಿಂತಿದ್ದರು. ಒಳಗೆ ಹೋಗಲು ಧೈರ್ಯವಿಲ್ಲ, ಹೊರಗೆ ಬರಲು ಮನಸ್ಸಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೊನೆಗೆ ಅಕ್ಕನೇ ಹೇಳಿದಳು, "ಅಲ್ಲಿ ಎಂತ ನಿಂತದ್ದು? ಬನ್ನಿ, ಅಳತೆ ತೆಗೀರಿ."

ನಿಮಗೊಂದು ವಿಷಯ ಹೇಳಬೇಕು. ಗಲ್ಫಿನಲ್ಲಿದ್ದಾಗ ಪ್ರತಿ ರಜೆಗೂ ಮೊದಲು ಭಾವ ಫೋನಿನಲ್ಲಿ ಅಕ್ಕನ ಸೈಜು ಕೇಳುತ್ತಿದ್ದರು. ಪಕ್ಕದಲ್ಲಿ ಅತ್ತೆ ಮಾವ ಕೂತಿರುವಾಗ ಇವಳು ಏನು ಹೇಳಿಯಾಳು? 'ನಾನು ಹಾಗೇ ಇದ್ದೇನೆ' ಎನ್ನುತ್ತಿದ್ದಳು. ಅವರು ಅದನ್ನೇ ನಂಬಿ, ಮದುವೆಯಾದ ಹೊಸತರ ಅಕ್ಕನಿಗೆ ಆಗುವಂಥ ಚೂಡಿದಾರ ತರುತ್ತಿದ್ದರು. ಅವೆಲ್ಲ ನನ್ನ ಪಾಲಾಗುತ್ತಿದ್ದವು. ಆಗ ನಾನು ತೆಳ್ಳಗಿದ್ದೆ, ನಂಬಿ! ದೂರದಲ್ಲೇ ಉಳಿದುಹೋದ ಆ ವರ್ಷಗಳಲ್ಲಿ ಅಕ್ಕ ದಪ್ಪಗಾದದ್ದನ್ನಾಗಲಿ, ಬಾಗಿದ್ದನ್ನಾಗಲಿ ಅವರು ಕಂಡದ್ದು ಒಂದೊಂದು ತಿಂಗಳ ರಜೆಯಲ್ಲಿ ಮಾತ್ರ. ಊರಿಗೆ ಬಂದ ಮೇಲೂ ಅವಳು ಟೇಪಿಗೆ ಸಿಕ್ಕಿರಲಿಲ್ಲ, ನಾಚಿಕೆ. ಅವಳಿಗೆ ಹೊಲಿದದ್ದೆಲ್ಲ ಹಳೆಯ ಬಟ್ಟೆಯ ಅಳತೆಯಲ್ಲಿ.

ಈಗ ಭಾವ ಕಟ್ಟಿದ ಕೈಗೆ ನೋವಾಗದ ಹಾಗೆ ಟೇಪನ್ನು ಮೆಲ್ಲ ಮೆಲ್ಲನೆ ಸುತ್ತಿದರು. ಸುತ್ತಿ, ಅಂಕಿಯನ್ನು ಎರಡೆರಡು ಸಲ ನೋಡಿದರು.

"ಎಷ್ಟು ಬಂತು?" ಎಂದಳು ಅಕ್ಕ.

"ನೀನು ಹಾಗೇ ಇದ್ದಿ," ಎಂದರು ಭಾವ.

"ಸುಳ್ಳು ಹೇಳ್ಬೇಡಿ. ಸರಿ ಬರ್ಕೊಳ್ಳಿ, ಮತ್ತೆ ಟೈಟ್ ಆಗ್ತದೆ," ಎಂದು ಅಕ್ಕ ಗದರಿದಳು. ಇಬ್ಬರ ಕಣ್ಣೂ ಒದ್ದೆಯಾಗಿತ್ತು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಕೈ ಮುರಿದುಕೊಂಡವರಿಗೆ ಹೊಲಿಯುವುದು ಹೇಗೆಂದು ಮೊಬೈಲಿನ ಟೀಚರ್ ಯಾವ ವಿಡಿಯೊದಲ್ಲೂ ತೋರಿಸಿರಲಿಲ್ಲ. ಭಾವ ತಾವೇ ಕೂತು ಯೋಚಿಸಿದರು. ಪೇಪರುಗಳನ್ನು ಈ ಸಲ ಊಟದ ಮೇಜಿನ ಮೇಲೆ ಹರಡಿದರು. ನಾವು ನಿಂತುಕೊಂಡು ಊಟ ಮಾಡಿದೆವು, ಯಾರೂ ಕಮಕ್ ಕಿಮಕ್ ಎನ್ನಲಿಲ್ಲ! ತಯಾರಾದ ಜಾಕೆಟಿಗೆ ಬಲತೋಳೇ ಇರಲಿಲ್ಲ. ಅದರ ಬದಲು ಮುಂದಿನ ಬಟ್ಟೆಯೇ ಅಗಲವಾಗಿ ಬಂದು, ಕಟ್ಟಿದ ಕೈಯನ್ನು ಪೂರ್ತಿ ಮುಚ್ಚಿ, ಭುಜದ ಮೇಲೂ ಪಕ್ಕದಲ್ಲೂ ಟಿಚ್ ಬಟನ್‌ನಲ್ಲಿ ಸೇರಿಕೊಳ್ಳುತ್ತಿತ್ತು. ಕೈ ಎತ್ತದೆಯೇ ಹಾಕಬಹುದು, ಕೈ ಎತ್ತದೆಯೇ ತೆಗೆಯಬಹುದು, ಒಳಗೆ ರವಿಕೆಯೂ ಬೇಡ. ನಸುನೀಲಿ ಕೈಮಗ್ಗದ ಬಟ್ಟೆ. ನಾನು ಅಕ್ಕನಿಗೆ ಸೀರೆ ಉಡಿಸಿದೆ, ಭಾವ ಬಟನ್ ಒತ್ತಿದರು. ಪ್ರತಿ ಬಟನ್‌ಗೂ ನೋವಾಗುತ್ತದೆಯೇ ಎಂದು ಕೇಳಿದರು.

ಅಕ್ಕ ಅದನ್ನು ಹಾಕಿಕೊಂಡು ಗೇಟು ದಾಟಿದಳು. ಭಾವ ಹಿಂದಿನಿಂದ ಗೇಟು ಹಾಕಲು ಹೋಗಿ, ಮರೆತು, ಹಾಗೇ ರಿಕ್ಷಾ ಹತ್ತಿದರು.

ಸಮಾರಂಭದಲ್ಲಿ ಮಕ್ಕಳು ಅತ್ತರು, ಅಕ್ಕ ಅಳಲಿಲ್ಲ. ನೆಟ್ಟಗೆ ನಿಂತು ಮಾತಾಡಿದಳು. ಕೆಳಗಿಳಿದ ಮೇಲೆ ಅವಳ ಜೊತೆಯ ಟೀಚರೊಬ್ಬರು ಭುಜದ ಹೊಲಿಗೆ ಮುಟ್ಟಿ ನೋಡಿ, ಇದು ಯಾವ ಟೈಲರ್ ಹೊಲಿದದ್ದು, ತನಗೂ ಒಂದು ಬೇಕಿತ್ತು ಎಂದರು. ಪಕ್ಕದಲ್ಲಿ ಭಾವ ಹಾರ, ಹಣ್ಣಿನ ಬುಟ್ಟಿ ಎಲ್ಲ ಹೊತ್ತು ನಿಂತಿದ್ದರು.

"ಇವರೇ," ಎಂದಳು ಅಕ್ಕ. "ಹೊರಗಿನ ಆರ್ಡರ್ ತಗೊಳ್ಳುದಿಲ್ಲ. ನನಗೆ ಮಾತ್ರ ಹೊಲಿಯುದು."

ಎಂಥ ಹಸಿ ಸುಳ್ಳು! ಅರ್ಧ ಕಾವೂರಿಗೆ ಹೊಲಿದ ಮನುಷ್ಯ, ಹಣ್ಣಿನ ಬುಟ್ಟಿಯ ಹಿಂದೆ ಮುಖ ಅಡಗಿಸಿಕೊಂಡು, ಹೌದೆಂದು ತಲೆಯಾಡಿಸಿದರು.

ಮನೆಗೆ ಬಂದಾಗ ಕರೆಂಟ್ ಇರಲಿಲ್ಲ. ಬೆವರು ಅಕ್ಕನ ಹಣೆಯಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಭಾವ ಬಟನ್ ಬಿಚ್ಚಲು ಹತ್ತಿರ ಬಂದರು. ಅಕ್ಕ ಎಡಗೈಯಿಂದ ಅವರ ಕೈಯನ್ನು ಮೆಲ್ಲನೆ ಹಿಡಿದು, "ಇರ್ಲಿ, ಇನ್ನೂ ಸ್ವಲ್ಪ ಹೊತ್ತು," ಎಂದಳು.