ಪ್ರಿಂಟರ್ ಅಳಿಯ

ಅವನ ಗ್ರಹಚಾರ ಶುರುವಾದದ್ದು ಒಂದು ಖಾಲಿ ಸಾಲಿನಿಂದ.

ಅವನ ಕಂಪನಿ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ತಯಾರಿಸುತ್ತಿತ್ತು. ಅದರ ಹೊಟ್ಟೆಯೊಳಗಿನ ಮುಖ್ಯ ಭಾಗಕ್ಕೆ ಕರ್ನಲ್ ಅನ್ನುತ್ತಾರೆ. ಕೀಬೋರ್ಡು, ಪರದೆ, ಪ್ರಿಂಟರು ಒಂದೊಂದೂ ತನ್ನದೇ ಭಾಷೆ ಆಡುವುದರಿಂದ ಪ್ರತಿಯೊಂದಕ್ಕೂ ಕರ್ನಲ್ ಒಳಗೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್, ಅಂದರೆ ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದಿಟ್ಟ ಪ್ರೋಗ್ರಾಮ್. ಒಂದು ದಿನ ಯಾವುದೋ ಓಬೀರಾಯನ ಕಾಲದ ಪ್ರಿಂಟರಿನ ಡ್ರೈವರ್ ಓದುತ್ತಿದ್ದವನಿಗೆ ನಡುವೆ ಒಂದು ಖಾಲಿ ಸಾಲು ಹೆಚ್ಚಿಗೆ ಕಂಡಿತು. ಚೊಕ್ಕವಾಗಿರಲಿ ಎಂದು ಅಳಿಸಿದ. ಸುಮ್ಮನಿರಲಾರದ ಕೈ, ಏನು ಮಾಡುವುದು?

ಆ ಕಚೇರಿಯಲ್ಲಿ ಫೈಲನ್ನು ಕೊನೆಗೆ ಮುಟ್ಟಿದವರೇ ಅದರ ವಾರಸುದಾರರು. ದೂರು ಹಂಚುವ ಒಂದು ಪ್ರೋಗ್ರಾಮ್ ಇತ್ತು. ಕೊನೆಯ ಕೈ ಯಾರದೆಂದು ನೋಡಿ ದೂರನ್ನು ಅವರ ತಲೆಗೆ ಕಟ್ಟುವುದೇ ಅದರ ಕೆಲಸ. ಅಂದಿನಿಂದ ಎಲ್ಲಿ ಕಾಗದ ಸಿಕ್ಕಿಕೊಂಡರೂ ಫೋನು ಇವನಿಗೇ ಬರತೊಡಗಿತು.

ಭಾಮೈದನ ಮದುವೆಯ ದಿನವೂ ಆ ಪ್ರಿಂಟರು ಕೈಕೊಟ್ಟಿತು. ಫೋಟೋದಲ್ಲಿ ಹೆಂಡತಿಯ ಪಕ್ಕ ಖಾಲಿ ಕುರ್ಚಿ ಬಿತ್ತು. ಮಾವನವರು ಅವತ್ತೇ ಇವನಿಗೆ ‘ಪ್ರಿಂಟರ್ ಅಳಿಯ’ ಎಂದು ನಾಮಕರಣ ಮಾಡಿದರು. ಹೆಸರು ಕಚೇರಿಗೂ ಬಂದು ಮುಟ್ಟಿತು. ನಾವೂ ಅಳಿಯ ಎಂದೇ ಕರೆಯೋಣ.

ಈಗ ನಾದಿನಿಯ ಮದುವೆ. ಸಂಜೆಯ ರೈಲಿಗೆ ಹೊರಡಬೇಕು. ಬೆಳಿಗ್ಗೆ ಹೆಂಡತಿ ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸುತ್ತಾ ಹೇಳಿದಳು, “ಈ ಸಲವೂ ನಾನೊಬ್ಳೇ ಹೋದ್ರೆ, ವಾಪಸ್ ಬರ್ತೀನಿ ಅನ್ನೋ ಆಸೆ ಇಟ್ಕೋಬೇಡಿ.” ಅವಳು ತಮಾಷೆ ಮಾಡುವಾಗ ನಗುತ್ತಾಳೆ. ಈಗ ನಗಲಿಲ್ಲ.

ಪ್ರಿಂಟರು ತಲೆ ಮೇಲಿರುವವರೆಗೆ ರಜೆ ಇಲ್ಲವೆಂದು ಮ್ಯಾನೇಜರ್ ಮೊದಲೇ ಹೇಳಿಯಾಗಿತ್ತು. ಅದಕ್ಕೆ ಅಳಿಯ ರಾತ್ರಿಯೆಲ್ಲ ಹೊರಳಾಡಿ ಒಂದು ಉಪಾಯ ಹೂಡಿಕೊಂಡು ಬಂದಿದ್ದ. ಅರ್ಧಕ್ಕರ್ಧ ಡ್ರೈವರ್‌ಗಳು ‘ಇತರೆ’ ಎಂಬ ಫೋಲ್ಡರಿನಲ್ಲಿ ಅಟ್ಟದ ಸಾಮಾನಿನಂತೆ ಬಿದ್ದಿವೆ. ಅವನ್ನು ಜಾತಿವಾರು ವಿಂಗಡಿಸಿ ಬೇರೆ ಬೇರೆ ಫೋಲ್ಡರಿಗೆ ಹಾಕೋಣ, ಇನ್ನು ಮೇಲೆ ಫೋಲ್ಡರಿನ ಯಜಮಾನರೇ ದೂರು ನೋಡಿಕೊಳ್ಳಲಿ ಎಂದ. ತಾನು ಮಾಡಬೇಕಿಲ್ಲದ ಕೆಲಸವೆಂದರೆ ಮ್ಯಾನೇಜರಿಗೆ ಬಲು ಪ್ರೀತಿ. ಸಂಜೆಯೊಳಗೆ ಜೋಡಿಸಿ ರಜೆ ತಗೊಳ್ಳಿ ಎಂದುಬಿಟ್ಟರು.

ಅಳಿಯ ಮೊದಲ ಕೆಲಸವಾಗಿ ಪ್ರಿಂಟರನ್ನು ಪರದೆಯ ಫೋಲ್ಡರಿಗೆ ಸಾಗಿಸಿದ. ಎರಡೂ ಅಕ್ಷರ ತೋರಿಸುವ ಯಂತ್ರಗಳೇ ತಾನೇ? ಪರದೆಗಳ ಉಸ್ತುವಾರಿ ಹೊತ್ತ ಪರದೆರಾಯ ಕುರ್ಚಿಯಿಂದ ದಡಬಡನೆ ಎದ್ದು ಬಂದ. ಪರದೆಯಲ್ಲಿ ಎಂದಾದರೂ ಕಾಗದ ಸಿಕ್ಕಿಕೊಂಡಿದ್ದುಂಟೇ ಎಂಬುದು ಅವನ ವಾದ. ಬೇಕಾದರೆ ಪ್ರಿಂಟರನ್ನು ಕೀಬೋರ್ಡಿನ ಜೊತೆ ಹಾಕು, ಅದಕ್ಕೂ ಗುಂಡಿಗಳಿವೆ ಎಂದ. ಜೊತೆಗೆ ಬೆರಳಲ್ಲಿ ಮುಟ್ಟುವ ಪರದೆಯನ್ನೂ ಅತ್ತ ತಳ್ಳಿದ. ಬೆರಳು ಬಿದ್ದದ್ದೆಲ್ಲ ಕೀಬೋರ್ಡಿನ ವಂಶವಂತೆ.

ಕೀಬೋರ್ಡಿನ ಯಜಮಾನಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆಂದರೆ ಯುದ್ಧ ಎಂದೇ ಅರ್ಥ.

“ಬೆರಳು ಬಿದ್ದದ್ದೆಲ್ಲ ನಂದಾದ್ರೆ, ನಿಮ್ಮನೆ ಕಾಲಿಂಗ್ ಬೆಲ್ಲೂ ನಾನೇ ನೋಡ್ಕೋಬೇಕೇನಪ್ಪಾ?” ಎಂದರು ಅಕ್ಕ.

ಊಟದ ಹೊತ್ತಿಗೆ ಎಲ್ಲ ಡ್ರೈವರ್‌ಗಳೂ ಒಂದು ಸುತ್ತು ತಿರುಗಿ ‘ಇತರೆ’ಗೇ ಬಂದು ಕುಳಿತಿದ್ದವು. ಅಳಿಯನಿಗೆ ಅಳುವೊಂದು ಬಾಕಿ. ಅಷ್ಟರಲ್ಲಿ ಹೆಂಡತಿ ಫೋನು ಮಾಡಿ, ಅಪ್ಪ ಈ ಸಲದ ಫೋಟೋಕ್ಕೆ ಒಂದು ಕುರ್ಚಿ ಕಮ್ಮಿ ಹಾಕಿಸಲಾ ಎಂದು ಕೇಳುತ್ತಿದ್ದಾರೆ ಎಂದಳು.

ಊಟ ಮುಗಿಸಿ ಅಕ್ಕ ಮತ್ತು ಪರದೆರಾಯ ಕಿಟಕಿಯ ಬಳಿ ನಿಂತು ಏನೋ ಗುಸುಗುಸು ಮಾತಾಡಿದರು. ವಾಪಸ್ ಬಂದಾಗ ಇಬ್ಬರ ಮುಖದಲ್ಲೂ ಬೆಳದಿಂಗಳು.

“ನೀನು ಹೇಳಿದ್ದೇ ಸರಿ ಕಣೋ, ಬರೀ ‘ಇತರೆ’ ಯಾಕೆ? ನನ್ನ ಕೀಬೋರ್ಡುಗಳನ್ನೆಲ್ಲಾ ನೀನೇ ನೀಟಾಗಿ ಜೋಡಿಸಿಬಿಡು. ನಿನ್ನ ಕೈಗುಣ ಚೆನ್ನಾಗಿದೆ,” ಎಂದರು ಅಕ್ಕ.

ಪರದೆರಾಯನಂತೂ ಹೆಗಲ ಮೇಲೆ ಕೈ ಹಾಕಿದ. ನಾದಿನಿ ಮದುವೆ ದಿನಾ ದಿನಾ ಬರುತ್ತದೆಯೇ, ಪ್ರಿಂಟರು ನನಗಿರಲಿ ಎಂದವನೇ, ಅದನ್ನು ತನ್ನ ಕೈಯಾರೆ ತನ್ನ ಫೋಲ್ಡರಿಗೆ ಎಳೆದುಕೊಂಡ. ಪ್ರತಿಯಾಗಿ ತನ್ನ ಪರದೆಗಳನ್ನೆಲ್ಲ ಅಳಿಯನೇ ಒಮ್ಮೆ ಎತ್ತಿಡಬೇಕು, ಅಷ್ಟೇ. ಅಳಿಯನ ಕಣ್ಣು ತುಂಬಿ ಬಂತು. ಇಂಥವರನ್ನು ಇಷ್ಟು ದಿನ ತಪ್ಪು ತಿಳಿದಿದ್ದೆನಲ್ಲ ಎಂದು ಕೆನ್ನೆ ಬಡಿದುಕೊಳ್ಳುವುದೊಂದು ಬಾಕಿ.

ಸುದ್ದಿ ಹಬ್ಬಿತು. ಮೇಲಿನ ಮಹಡಿಯ ಮುಖಪರಿಚಯವಿಲ್ಲದವರೂ ಇಳಿದು ಬಂದರು. ಕ್ಯಾಮೆರಾ, ಸ್ಪೀಕರು, ಸ್ಕ್ಯಾನರು, ಎಲ್ಲವೂ ಅಳಿಯನ ಕೈಯಿಂದಲೇ ಹೊಸ ಜಾಗಕ್ಕೆ ಹೋಗಬೇಕಂತೆ. ಯಾರೋ ಟೀ ತಂದಿಟ್ಟರು. ಯಾರೋ ಫ್ಯಾನು ಅವನ ಕಡೆ ತಿರುಗಿಸಿದರು. ಗುದ್ದಲಿ ಪೂಜೆಗೆ ಬಂದ ಮಂತ್ರಿಯ ಠೀವಿಯಲ್ಲಿ ಅಳಿಯ ಒಂದೊಂದನ್ನೇ ಎತ್ತಿಟ್ಟ. ‘ಇತರೆ’ ಖಾಲಿಯಾಯಿತು. ಹೆಂಡತಿಗೆ ಫೋನು ಮಾಡಿ, ಕುರ್ಚಿ ಹಾಕಿಸೋಕೆ ಹೇಳು, ಹೊರಟೆ ಎಂದ.

ಮ್ಯಾನೇಜರ್ ಫೋಲ್ಡರುಗಳನ್ನು ನೋಡಿ ಮೆಚ್ಚಿ ತಲೆದೂಗಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ರಜೆ ಮಾತ್ರ ಕಷ್ಟ ಆಗುತ್ತಲ್ರೀ. ಇಷ್ಟೊಂದು ಡ್ರೈವರ್‌ಗಳಿಗೆ ಕೊನೇ ಕೈ ನಿಮ್ದೇ ಇದೆ,” ಎಂದರು.

ಅಳಿಯ ಮೇಜಿನ ಮೇಲೆ ಎರಡೂ ಕೈ ಊರಿದ. “ಸರ್, ಫೋಲ್ಡರ್ ಯಜಮಾನರೇ ದೂರು ನೋಡ್ಬೇಕು ಅಂತ ನೀವೇ ಒಪ್ಪಿದ್ರಲ್ಲ?”

“ಈಗ್ಲೂ ಒಪ್ತೀನಿ. ಆದ್ರೆ ದೂರು ಹಂಚೋ ಆ ಪ್ರೋಗ್ರಾಮ್ ಒಪ್ಬೇಕಲ್ಲ? ಅದನ್ನ ತಿದ್ದೋಕೆ ಯಾರೂ ತಯಾರಿಲ್ಲ. ಮುಟ್ಟಿದವರಿಗೆ ಅದೇ ಗಂಟುಬೀಳುತ್ತೆ ನೋಡಿ.” ಮ್ಯಾನೇಜರ್ ಸ್ವಲ್ಪ ಮುಂದಕ್ಕೆ ಬಾಗಿ ಆಸೆಯಿಂದ ಕೇಳಿದರು, “ನೀವೇ ಮುಟ್ತೀರಾ?”

ಅಳಿಯ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ. ಹೊರಗೆ ಅಕ್ಕ ಬ್ಯಾಗು ಹೆಗಲಿಗೇರಿಸಿ ಎಲ್ಲರಿಗೂ ಕೈ ಬೀಸುತ್ತಿದ್ದರು. ಅವರ ಹೆಸರಿನಲ್ಲಿ ಈಗ ಒಂದು ಗುಂಡಿಯೂ ಇರಲಿಲ್ಲವಾದ್ದರಿಂದ ಧಾರಾಳವಾಗಿ ರಜೆ ಸಿಕ್ಕಿತ್ತು.

ಅಳಿಯ ತನ್ನ ಜಾಗಕ್ಕೆ ಬರುವಷ್ಟರಲ್ಲಿ ದೂರುಗಳು ಶುರುವಾಗಿದ್ದವು. ಎಲ್ಲೋ ಸ್ಪೀಕರು ಮೂಕವಾಗಿತ್ತು, ಎಲ್ಲೋ ಕ್ಯಾಮೆರಾ ತಲೆಕೆಳಗಾಗಿ ತೋರಿಸುತ್ತಿತ್ತು. ನಡುವೆ ಹೆಂಡತಿಯ ಫೋನು ಬಂತು. ಹಿಂದೆ ರೈಲಿನ ಸದ್ದು ಕೇಳುತ್ತಿತ್ತು.

“ಎಲ್ಲಿದ್ದೀರಿ? ಈಗ್ಲೂ ಆ ಹಾಳು ಪ್ರಿಂಟರಾ?”

“ಇಲ್ಲ ಕಣೇ,” ಎಂದ ಅಳಿಯ. “ಮಾವನವರಿಗೆ ಹೇಳು, ಪ್ರಿಂಟರ್ ಈಗ ನಂದಲ್ಲ.”

“ಮತ್ತೇನು ತೊಂದ್ರೆ?”

“ಉಳಿದಿದ್ದೆಲ್ಲ ನಂದು.”