ಪೂಜೆಗಿಟ್ಟ ಕಂಪ್ಯೂಟರ್

ಪರರ ಆಸ್ತಿ ಕಂಡು ನಾನೆಂದೂ ಹೊಟ್ಟೆಕಿಚ್ಚು ಪಟ್ಟವನಲ್ಲ. ಹೊಲವೋ ಕಾರೋ ಮೂರನೆಯ ಅಂತಸ್ತೋ, ಯಾರಿಗೆ ಏನು ಬಂದರೂ ನನಗೆ ನಿದ್ದೆ ಬರುತ್ತದೆ. ಆದರೆ ನನಗೆ ಗೊತ್ತಿಲ್ಲದ್ದು ಇನ್ನೊಬ್ಬನಿಗೆ ಗೊತ್ತಿದೆ, ಅದನ್ನು ಕೇಳಲು ಜನ ಅವನ ಮೇಜಿಗೆ ಹೋಗುತ್ತಾರೆ ಎಂದರೆ ಎದೆಯೊಳಗೆ ಹಸಿಮೆಣಸಿನಕಾಯಿ ಹುರಿದಂತಾಗುತ್ತದೆ.

ಕುಷ್ಟಗಿಯ ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಹೊಟ್ಟೆ ಬಿಚ್ಚಿದವನು ನಾನು. ತೊಂಬತ್ತೊಂಬತ್ತೋ ಎರಡು ಸಾವಿರವೋ. ಬಿಚ್ಚಿದ್ದು ಚೆನ್ನಾಗಿ ನೆನಪಿದೆ, ಮುಚ್ಚಿದ್ದು ನೆನಪಿಲ್ಲ. ಕಂಪನಿಯವನು ಬಂದು ಮುಚ್ಚಿದನೆಂದು ಕೆಲವರು ವಾದಿಸುತ್ತಾರೆ. ಅವರ ನೆನಪು ನನ್ನದಕ್ಕಿಂತ ಮೇಲೇನಲ್ಲ. ಅಂತೂ ಅಲ್ಲಿಂದ ನಾನು ‘ಕಂಪ್ಯೂಟರ್ ಸಾಹೇಬ’. ಮಗಳ ಓದಿಗೆ ಎಂಥ ಕಂಪ್ಯೂಟರ್ ಕೊಳ್ಳಬೇಕೆಂದು ಕೇಳಲು ಹನುಮಸಾಗರದಿಂದಲೂ ಜನ ಬರುತ್ತಿದ್ದರು. ಎಲ್ಲರಿಗೂ “ರ್‍ಯಾಮ್ ಹೆಚ್ಚಿರಲಿ” ಎನ್ನುತ್ತಿದ್ದೆ. ಎಂದೂ ತಪ್ಪಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಯಲಬುರ್ಗಾದಿಂದ ವರ್ಗವಾಗಿ ವೀರಣ್ಣ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನೆದುರೇ ಮೇಜು. ಒಂದು ವರ್ಷವೂ ಕಳೆದಿರಲಿಲ್ಲ, ನನ್ನ ಹಳೆಯ ಭಕ್ತರೊಬ್ಬರು ನೇರ ನನ್ನ ಬಳಿ ಬಂದು, “ಸಾಹೇಬ್ರ, ವೀರಣ್ಣಾರು ಎಲ್ಲಿ ಹೋಗ್ಯಾರ್ರಿ?” ಎಂದರು. ಅಲ್ಲಿಗೆ ನಾನು ವೀರಣ್ಣನ ಕಡೆ ಕೈ ತೋರಿಸುವ ಫಲಕವಾದೆ.

ಮಹಾನವಮಿಯೊಳಗೆ ಮನೆಯಲ್ಲೊಂದು ಹೊಸ ಕಂಪ್ಯೂಟರ್ ನಾನೇ ಜೋಡಿಸಬೇಕು, ವೀರಣ್ಣನನ್ನು ಒಂದು ಮಾತೂ ಕೇಳಬಾರದು ಎಂದು ಪಣ ತೊಟ್ಟೆ. ಊಟದ ವಿರಾಮದಲ್ಲಿ ಕಡತವೊಂದನ್ನು ಮರೆಮಾಡಿಕೊಂಡು ಫೋನಿನಲ್ಲಿ ಓದಲು ಕುಳಿತೆ. ನಾನು ಮಲಗಿದ್ದಾಗ ಲೋಕ ನಡೆದುಬಿಟ್ಟಿತ್ತು. ಇಟ್ಟಿಗೆಯಂತಿದ್ದ ಹಾರ್ಡ್ ಡಿಸ್ಕು ಅಡಿಕೆಪುಡಿಯ ಪೊಟ್ಟಣದಷ್ಟಾಗಿತ್ತು. ರ್‍ಯಾಮಿಗೂ ತಲೆಮಾರುಗಳಿದ್ದವು, ಒಂದರ ಮನೆಯಲ್ಲಿ ಇನ್ನೊಂದು ಕೂರುವುದಿಲ್ಲ. ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಹಳೆಯ ಅನುಭವ ನೋಡಿಕೊಳ್ಳುತ್ತದೆ ಎಂದುಕೊಂಡು ಗಂಗಾವತಿಗೆ ಹೋದೆ.

“ಗ್ರಾಫಿಕ್ಸ್ ಕಾರ್ಡ್ ಬ್ಯಾಡೇನ್ರಿ?” ಎಂದ ಅಂಗಡಿಯಾತ.

“ಬ್ಯಾಡ. ನಾ ಏನ್ ಆಟ ಆಡಾವಲ್ಲ.”

“ಹಂಗಲ್ರಿ, ಈ ಪ್ರೊಸೆಸರಿಗೆ...”

“ನೀ ಸಾಲಿಗೆ ಹೋಗೂ ಮೊದ್ಲ ನಾ ಕಂಪ್ಯೂಟರ್ ಬಿಚ್ಚೀನಪಾ.”

ಆತ ಬಾಯಿ ಮುಚ್ಚಿ ಪೊಟ್ಟಣ ಕಟ್ಟಿದ.

ಆಯುಧಪೂಜೆಯ ಬೆಳಿಗ್ಗೆ ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನುಗಳು ತಿರುಗಿದವು, ನೀಲಿ ಕೆಂಪು ದೀಪ ಹತ್ತಿದವು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಅಷ್ಟರಲ್ಲಿ ಹೆಂಡತಿ ಆರತಿ ತಟ್ಟೆ ಹಿಡಿದು ಬಂದಳು.

“ಚಾಲೂ ಆತೇನ್ರಿ?”

“ಪೂಜಿಗಿಟ್ಟ ಆಯುಧ ಇವತ್ತು ಬಳಸಬಾರ್ದು. ನಾಳೆ ಬನ್ನಿ ಮುಡದ ಮ್ಯಾಲೆ.”

“ಹೋದ ವರ್ಷ ಪೂಜಿಗಿಟ್ಟ ಈಳಿಗ್ಯಾಗ ಬದನಿಕಾಯಿ ಹೆಚ್ಚಿಸಿದಾವ್ರು ನೀವಾ ಅಲ್ಲೇನ್ರಿ?”

ಮೂರು ಬೆರಳಿನ ವಿಭೂತಿ, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಕಂಪ್ಯೂಟರ್ ಗಂಭೀರವಾಗಿ ಕುಳಿತಿತು. ಓಣಿಯವರೆಲ್ಲ ಬಂದು ಕೈಮುಗಿದು ಹೋದರು. ಆ ಇಡೀ ದಿನ ಮತ್ತೆ ಮತ್ತೆ ಓದಿದೆ, ತಪ್ಪು ಸಿಗಲಿಲ್ಲ.

ಮರುದಿನ ಸಂಜೆ ವೀರಣ್ಣ ಬನ್ನಿ ಕೊಡಲು ಬಂದ. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಣ್ಣಾರ” ಎಂದು ಕಾಲಿಗೆರಗಿದ. ಇನ್ನೂ ನಾಲ್ಕೈದು ಮಂದಿ ಕುಳಿತಿದ್ದರು. ಹೆಂಡತಿ, “ಈಗ ಬನ್ನಿ ಮುಡದಾತಲ್ಲ, ಚಾಲೂ ಮಾಡ್ರಿ, ವೀರಣ್ಣಾರೂ ನೋಡ್ಲಿ” ಎಂದಳು.

ಒತ್ತಿದೆ. ಫ್ಯಾನು, ದೀಪ, ಕತ್ತಲೆ.

ವೀರಣ್ಣ ಕಂಪ್ಯೂಟರಿನ ಬೆನ್ನು ನೋಡಿದ. ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದ ಪ್ರೊಸೆಸರಿನ ಖಾಲಿ ಡಬ್ಬಿ ನೋಡಿದ. ನನ್ನ ತಪ್ಪು ಅವನಿಗೆ ಸಿಕ್ಕಿತೆಂದು ನನಗೆ ಗೊತ್ತಾಯಿತು. ಎಲ್ಲರೆದುರು ಏಟು ಬೀಳಲಿ ಎಂದು ಕುತ್ತಿಗೆ ಚಾಚಿಕೊಂಡು ನಿಂತೆ.

“ಅಕ್ಕಾರ, ಬನ್ನಿ ಕಮ್ಮಿ ಬಿದ್ವು. ಮನಿಯಿಂದ ತರ್ತೀನಿ. ನೀವು ಎಲ್ಲಾರ್ನೂ ಊಟಕ್ಕ ಕುಂದರಸ್ರಿ” ಎಂದು ಹೊರಟ. ಐದೇ ನಿಮಿಷದಲ್ಲಿ ಚೀಲದೊಂದಿಗೆ ಮರಳಿದ. ಎಲೆಗಳ ಅಡಿಯಲ್ಲಿ ಅವನದೇ ಹಳೆಯ ಗ್ರಾಫಿಕ್ಸ್ ಕಾರ್ಡು. ಒಳಗೆ ಎಲ್ಲರೂ ಉಣ್ಣುತ್ತಿದ್ದಾಗ ಅದನ್ನು ಕೂರಿಸುತ್ತ ಪಿಸುಗುಟ್ಟಿದ: “ನಿಮ್ಮ ಕಾಲದಾಗ ಚಿತ್ರ ತೋರ್ಸೂದು ಬೋರ್ಡಿನ್ಯಾಗ ಇರ್ತಿತ್ರಿ. ಈಗ ಪ್ರೊಸೆಸರಿನ್ಯಾಗ ಇರತೈತಿ, ಕೆಲವು ಪ್ರೊಸೆಸರಿನ್ಯಾಗ ಅದೂ ಇರಂಗಿಲ್ಲ, ಅದಕ್ಕ ಈ ಕಾರ್ಡ್ ಬೇಕಾಗತೈತಿ. ನನಗೂ ಮೊದ್ಲ ಹಿಂಗಾ ಆಗಿತ್ತು.” ನಿಜಕ್ಕೂ ಆಗಿತ್ತೋ, ನನಗಾಗಿ ಆಗಿಸಿಕೊಂಡನೋ ಗೊತ್ತಿಲ್ಲ.

ಪರದೆ ಬೆಳಗಿತು. ಎಲ್ಲರೂ ಕೈ ಒರೆಸಿಕೊಳ್ಳುತ್ತ ಓಡಿಬಂದರು.

“ಅಣ್ಣಾರು ಎಲ್ಲಾ ಬರೊಬ್ಬರಿ ಮಾಡ್ಯಾರ,” ಎಂದ ವೀರಣ್ಣ. “ಒಂದ್ ವೈರ್ ಸಡ್ಲಾಗಿತ್ತು, ಅಷ್ಟಾ.”

ಅವನ ಜಾಗದಲ್ಲಿ ನಾನಿದ್ದಿದ್ದರೆ ಕಾರಟಗಿಯವರೆಗೂ ಸುದ್ದಿ ಮುಟ್ಟಿಸುತ್ತಿದ್ದೆ. ಹಾರ್ಡ್‌ವೇರನ್ನು ಊಟದ ವಿರಾಮದಲ್ಲಿ ಓದಿ ಹಿಡಿಯಬಹುದು. ಇಂಥ ಸುಳ್ಳು ನಾಲಿಗೆಗೆ ಬರಲು ಏನು ಓದಬೇಕು? ನಾನು ಕುದಿಯುತ್ತಿರುವಾಗಲೇ ಹೆಂಡತಿ ಅವನನ್ನೂ ಊಟಕ್ಕೆ ಕೂರಿಸಿ, ತಟ್ಟೆಗೆ ಒಂದರ ಮೇಲೊಂದು ಹೋಳಿಗೆ ಹಾಕಿ, “ಎಂಥಾ ಶಾಣ್ಯಾರಿದ್ದೀರಿ! ಕಣ್ಣು ಹಾಯಿಸೂದ್ರಾಗ ವೈರ್ ಹಿಡದ್ರಿ” ಎಂದಳು.

ತಡೆಯಲಾಗಲಿಲ್ಲ. “ಆ ವೈರ್ ನಾನಾ ಸಡ್ಲ ಬಿಟ್ಟಿದ್ದೆ,” ಎಂದೆ. “ವೀರಣ್ಣಗ ಗೊತ್ತಾಗತೈತೋ ಇಲ್ಲೋ ನೋಡೂಣ ಅಂತ.”

ವೀರಣ್ಣ ಹೋಳಿಗೆ ಮುರಿಯುತ್ತ ತಲೆಯಾಡಿಸಿದ. “ಹೌದ್ರಿ. ಅಣ್ಣಾರ ಪರೀಕ್ಷಾ ಭಾಳ ಬಿಗಿ.”

ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.